ರೂಮಿನ ಒಲೆಯ ಮೇಲೆ ಬೆಲ್ಲ-ಕಿತ್ತಳೆ ಮೀನು

ಧಾರವಾಡದ ಸಪ್ತಾಪುರದ ಓಣಿಗಳಲ್ಲಿ ರಾತ್ರಿ ಎಂಟರ ಹೊತ್ತಿಗೆ ಎಲ್ಲ ರೂಮುಗಳಿಂದಲೂ ಒಂದೇ ಮಾತು ಕೇಳುತ್ತದೆ: "ಇವತ್ತ ಊಟಕ್ಕೇನ್ಲೇ?" ಉತ್ತರವೂ ಹೆಚ್ಚುಕಡಿಮೆ ಒಂದೇ. ಚಿತ್ರಾನ್ನ, ಇಲ್ಲವೇ ಮೂಲೆ ಗಾಡಿಯ ಎಗ್‌ರೈಸ್, ಅದೂ ಇಲ್ಲದಿದ್ದರೆ ಊರಿಂದ ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯಿಂದ ಬಂದು ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಓದುತ್ತ ಕುಳಿತ ನಮ್ಮಂಥವರ ಬಾಯಲ್ಲಿ ಇನ್ನೊಂದು ಮಾತೂ ಸದಾ ಇರುತ್ತದೆ: "ಒಮ್ಮೆ ನೌಕರಿ ಆಗ್ಲಿ, ಆಮ್ಯಾಲ ಛಲೋತ್ನಂಗ ಉಂಡ್ರಾತು."

ಆದರೆ ಆ 'ಆಮ್ಯಾಲ' ಬೇಗ ಬರುವುದಿಲ್ಲ. ಅಧಿಸೂಚನೆ ತಡವಾಗುತ್ತದೆ, ಪರೀಕ್ಷೆ ಮುಂದೆ ಹೋಗುತ್ತದೆ, ಫಲಿತಾಂಶದ ಮೇಲೆ ತಕರಾರು ಬೀಳುತ್ತದೆ. ಇಪ್ಪತ್ತೆರಡಕ್ಕೆ ರೂಮು ಹಿಡಿದವರು ಇಪ್ಪತ್ತೇಳಾದರೂ ಅದೇ ರೂಮಿನಲ್ಲಿರುತ್ತಾರೆ. ಹೊಸ ಅಂಗಿ, ಊರ ಜಾತ್ರೆ, ಗೆಳೆಯನ ಮದುವೆ, ಎಲ್ಲವನ್ನೂ ಮುಂದೂಡಿದ ಹಾಗೆ ಊಟವನ್ನೂ ಮುಂದೂಡುತ್ತೇವೆ. ಉಳಿದವನ್ನು ಮುಂದೂಡಬಹುದೇನೋ. ದಿನಕ್ಕೆ ಹನ್ನೆರಡು ತಾಸು ಓದುವ ದೇಹಕ್ಕೆ ಊಟ ಇವತ್ತೇ ಬೇಕು. ಹಾಗಾಗಿ ಒಂದು ಬರ್ನರಿನ ಒಲೆ, ಒಂದು ದಪ್ಪ ತಳದ ಪಾತ್ರೆ ಇರುವ ಯಾರೇ ಆದರೂ ಅರ್ಧ ತಾಸಿನಲ್ಲಿ ಮಾಡಬಹುದಾದ ಒಂದು ಊಟದ ಬಗ್ಗೆ ಹೇಳುತ್ತೇನೆ. ಮೀನಿಗೆ ಮಸಾಲೆ ಹಚ್ಚಿ, ಒಣ ಶಾಖದಲ್ಲಿ ಬೇಯಿಸಿ, ಮೇಲೆ ಬೆಲ್ಲ ಮತ್ತು ಕಿತ್ತಳೆಯ ಪಾಕ ಸವರುವುದು. ದೊಡ್ಡ ಹೋಟೆಲಿನ ಮೆನುವಿನಲ್ಲಿ ಇದಕ್ಕೊಂದು ಉದ್ದ ಹೆಸರಿರುತ್ತದೆ. ನಮಗೆ ಬೆಲ್ಲ-ಕಿತ್ತಳೆ ಮೀನು ಅಂದರೆ ಸಾಕು.

ಬಯಲುಸೀಮೆಗೆ ಮೀನು ಬರುವ ದಾರಿ

"ನಮ್ಮ ಕಡೆ ಮೀನ್ ಎಲ್ಲಿ ಸಿಗ್ತಾವೋ ಮಾರಾಯಾ?" ಎಂದು ನವಲಗುಂದದ ಗೆಳೆಯರು ಕೇಳುವುದುಂಟು. ಕೇಳುವುದರಲ್ಲಿ ತಪ್ಪಿಲ್ಲ. ಎರಿ ಭೂಮಿಯ ಊರುಗಳಲ್ಲಿ ಬಾಡೂಟವೆಂದರೆ ಕುರಿ ಇಲ್ಲವೇ ಕೋಳಿ. ಆದರೆ ನಕಾಶೆ ತೆಗೆದು ನೋಡಿ. ಅಂಕೋಲಾದಿಂದ ಘಟ್ಟ ಹತ್ತಿ ಯಲ್ಲಾಪುರ, ಕಲಘಟಗಿ, ಹುಬ್ಬಳ್ಳಿ, ಅಣ್ಣಿಗೇರಿ ದಾಟಿ ಗದಗಿನ ಕಡೆಗೆ ಹೋಗುವ ರಸ್ತೆಯೊಂದಿದೆ. ಹಿಂದೆ ಅದನ್ನು ರಾಷ್ಟ್ರೀಯ ಹೆದ್ದಾರಿ 63 ಎನ್ನುತ್ತಿದ್ದರು. ಕಾರವಾರ, ಅಂಕೋಲಾ ಕಡೆಯ ಬಂಗಡೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಕುಳಿತು ಬರುವ ಹೆದ್ದಾರಿ ಅದೇ. ಹುಬ್ಬಳ್ಳಿ ಮುಟ್ಟಿದ ಮೀನಿಗೆ ಕುಂದಗೋಳವಾಗಲಿ ನವಲಗುಂದವಾಗಲಿ ದೂರವೇನಲ್ಲ.

ಕರಾವಳಿ ಮತ್ತು ಬಯಲಿನ ಈ ಕೊಡುಕೊಳ್ಳುವಿಕೆ ಹೊಸದೂ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. ನಮ್ಮ ಹೊಲದಲ್ಲಿ ಬೆಳೆದ ಹತ್ತಿಗೆ ಮಾರುಕಟ್ಟೆಯಲ್ಲಿ 'ಕುಮಟಾ ಹತ್ತಿ' ಎಂಬ ಹೆಸರೇ ಬಿದ್ದಿತ್ತು. ರಸ್ತೆಯ ಜೊತೆ ನೀರಿನ ನಂಟೂ ಇದೆ. ಕಲಘಟಗಿ ತಾಲ್ಲೂಕಿನ ನೀರಸಾಗರವನ್ನು ಕಟ್ಟಿರುವುದು ಬೇಡ್ತಿ ಹೊಳೆಗೆ. ಅದೇ ಬೇಡ್ತಿ ಮುಂದೆ ಗಂಗಾವಳಿಯಾಗಿ ಅಂಕೋಲಾ ತಾಲ್ಲೂಕಿನಲ್ಲಿ ಸಮುದ್ರ ಸೇರುತ್ತದೆ. ನವಲಗುಂದದ ಬೆಣ್ಣಿಹಳ್ಳದ ನೀರು ಮಾತ್ರ ಮಲಪ್ರಭೆ, ಕೃಷ್ಣೆಯನ್ನು ಹಿಡಿದು ಪೂರ್ವಕ್ಕೆ ಹೋಗುತ್ತದೆ. ಒಂದೇ ಜಿಲ್ಲೆಯ ಮಳೆ ಎರಡು ಸಮುದ್ರಗಳ ಪಾಲು.

ಸಮುದ್ರದ ಮೀನಿಗೆ ಒಂದು ಋತು ಇದೆ ಎನ್ನುವುದು ಗೊತ್ತಿರಲಿ. ಮೀನುಗಳು ಮೊಟ್ಟೆಯಿಟ್ಟು ಮರಿ ಮಾಡುವ ಕಾಲವೆಂದು ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ ಬಂಗಡೆ ತುಟ್ಟಿ. ಬಂದರೂ ಹಳೆಯದಿರಬಹುದು. ಆ ಎರಡು ತಿಂಗಳು ಕೆರೆ ಮೀನನ್ನು ನಂಬುವುದೇ ಜಾಣತನ.

ನಮ್ಮ ಕೆರೆಯ ಗಂಗಾ ಮೀನು

ಕಲಘಟಗಿ ಕಡೆ ಕೆರೆಗಳಿಗೆ ಬರವಿಲ್ಲ. ಮಳೆಗಾಲದಲ್ಲಿ ಮರಿ ಬಿಟ್ಟು, ಬೇಸಿಗೆಯಲ್ಲಿ ನೀರು ಇಳಿದಾಗ ಬಲೆ ಬೀಸುವುದು ರೂಢಿ. ಸಿಗುವುದು ಹೆಚ್ಚಾಗಿ ಕಾಟ್ಲಾ, ರೋಹು, ಮೃಗಾಲ್. ಈ ಮೂರೂ ಮೂಲದಲ್ಲಿ ಗಂಗಾ ಬಯಲಿನಂಥ ಉತ್ತರದ ನದಿಗಳ ಮೀನುಗಳು. ಇವು ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ, ಮಳೆಗಾಲದ ಹರಿಯುವ ಹೊಳೆ ಬೇಕು. ಹೀಗಾಗಿ ಒಂದು ಕಾಲದಲ್ಲಿ ಮರಿಗಳನ್ನು ನದಿಯಿಂದಲೇ ಹಿಡಿದು ತರಬೇಕಾಗಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಮೀನಿಗೆ ಚುಚ್ಚಿ, ಕಟ್ಟಿದ ನೀರಿನಲ್ಲೇ ಮೊಟ್ಟೆ ಇಡಿಸಿದರು. ಆ ಬಳಿಕ ಮೀನುಮರಿಯನ್ನು ಬೀಜದ ಹಾಗೆ ಉತ್ಪಾದಿಸಿ ದೇಶದ ಕೆರೆಕೆರೆಗೂ ಹಂಚುವುದು ಸಾಧ್ಯವಾಯಿತು. ಜುಲೈ 10 ರಾಷ್ಟ್ರೀಯ ಮೀನು ಕೃಷಿಕರ ದಿನ ಎಂದು ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಬಾಯಿಪಾಠ ಮಾಡಿರುತ್ತೇವೆ. ಅದರ ಫಲ ನಮ್ಮೂರ ಕೆರೆಯಲ್ಲೇ ಈಜುತ್ತಿದೆ ಎಂಬುದು ತಲೆಗೆ ಹೊಳೆದಿರುವುದಿಲ್ಲ.

ಕೆರೆ ಕಡಿಮೆ ಇರುವ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಹೊಲಗಳಲ್ಲಿ ಈಗ ಕೃಷಿ ಹೊಂಡಗಳಿವೆ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಲ್ಲಿ ಅಗೆದವೂ ಅವುಗಳಲ್ಲಿ ಸೇರಿವೆ. ಆರೇಳು ತಿಂಗಳು ನೀರು ನಿಲ್ಲುವ ಹೊಂಡದಲ್ಲಿ ಮೀನು ಸಾಕಬಹುದು. ನೀರು ಇಂಗದ ಹಾಗೆ ತಾಡಪಾಲು ಹಾಸಿದ ಹೊಂಡವಾದರೂ ಸರಿ. ಓದಿನ ಜೊತೆಗೆ ಒಂದು ಕೈ ನೋಡೋಣ ಎನ್ನುವವರು ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ವಿಚಾರಿಸಬಹುದು.

ಇನ್ನು ಪೌಷ್ಟಿಕತೆಯ ಮಾತು. ಬಂಗಡೆ ಇರಲಿ, ರೋಹು ಇರಲಿ, 100 ಗ್ರಾಂ ಮೀನಿನಲ್ಲಿ ಸುಮಾರು 17ರಿಂದ 20 ಗ್ರಾಂ ಪ್ರೋಟೀನ್ ಇರುತ್ತದೆ. ಬಂಗಡೆ, ತಾರ್ಲೆಯಂಥ ಎಣ್ಣೆಯಂಶದ ಮೀನುಗಳಲ್ಲಿ ಒಮೆಗಾ-3 ಕೊಬ್ಬು ಹೆಚ್ಚು. ದೊಡ್ಡ ಡಬ್ಬಿಯ ಪ್ರೋಟೀನ್ ಪೌಡರಿಗೆ ಹಣ ಸುರಿಯುವ ದೈಹಿಕ ಪರೀಕ್ಷೆಯ ಅಭ್ಯರ್ಥಿಗಳು ಮೊದಲು ಮೀನು ಮಾರುವ ಅಕ್ಕನ ಬುಟ್ಟಿಯ ಕಡೆ ನೋಡುವುದು ಒಳ್ಳೆಯದು.

ಮೀನಿಗೆ ಬೆಲ್ಲವೇ?

"ಮೀನಿಗೆ ಬೆಲ್ಲಾ ಹಾಕ್ತಿಯೇನ್ಲೇ? ತಲಿ ಗಿಲಿ ಕೆಟ್ಟೈತೇನ್?" ನಮ್ಮ ರೂಮಿನಲ್ಲಿ ಮೊದಲು ಎದ್ದ ಪ್ರಶ್ನೆ ಇದು. ಆದರೆ ಹುಳಿ ಇದ್ದಲ್ಲಿ ಬೆಲ್ಲ ಇರುವುದು ನಮ್ಮ ಅಡುಗೆಯ ಹಳೆಯ ಲೆಕ್ಕ. ಹುಣಸೆಹುಳಿಯ ಸಾರಿಗೆ ಅವ್ವ ಒಂದು ಚೂರು ಬೆಲ್ಲ ಹಾಕದೆ ಬಿಡುವುದಿಲ್ಲ. ಗೊಜ್ಜಿನಲ್ಲೂ ಅದೇ ಜೋಡಿ. ಬೇಸಿಗೆಯ ಪಾನಕವಂತೂ ಬೆಲ್ಲ ಮತ್ತು ಲಿಂಬೆಹುಳಿಯೇ. ಆ ಪಾನಕದ ನೀರಿನ ಬದಲು ಕಿತ್ತಳೆ ರಸ ಹಾಕಿ, ಚಮಚಕ್ಕೆ ಅಂಟುವಷ್ಟು ಕುದಿಸಿದರೆ ನಮಗೆ ಬೇಕಾದ ಪಾಕ ತಯಾರು. ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ ಇದೆ, ಅದು ನಮ್ಮ ಕುಂದಗೋಳದ ಹೊಲಗಳಲ್ಲೂ ಬೆಳೆಯುತ್ತದೆ. ಖಾರ ಕಡಿಮೆ, ಕೆಂಪು ಹೆಚ್ಚು, ಹಾಗಾಗಿ ಸಿಹಿ ಪಾಕಕ್ಕೆ ಹೇಳಿ ಮಾಡಿಸಿದ್ದು.

ಹುಳಿಗೆ ಇಲ್ಲಿ ರುಚಿಗಿಂತ ದೊಡ್ಡ ಕೆಲಸವಿದೆ. ಸಮುದ್ರದ ಮೀನು ಹಳತಾಗುತ್ತ ಹೋದಂತೆ ಅದರಲ್ಲಿ ಟ್ರೈಮಿಥೈಲಮೈನ್ ಎಂಬ ವಸ್ತು ಹುಟ್ಟುತ್ತದೆ. ನಾವು ಮೀನಿನ ವಾಸನೆ ಎನ್ನುವುದು ಬಹುಪಾಲು ಇದನ್ನೇ. ಇದು ಕ್ಷಾರ ಗುಣದ್ದು. ಲಿಂಬೆಯ ಆಮ್ಲ ಇದನ್ನು ಗಾಳಿಗೆ ಹಾರದ ಲವಣವಾಗಿ ಬದಲಿಸುತ್ತದೆ, ವಾಸನೆ ತಗ್ಗುತ್ತದೆ. ಕೆರೆ ಮೀನಿನ ದೂರು ಬೇರೆ: "ಕೆಸರ ವಾಸನಿ ಬರ್ತೈತಿ." ಅದಕ್ಕೆ ಮುಖ್ಯ ಕಾರಣ ಜಿಯೋಸ್ಮಿನ್. ಮಣ್ಣಿನ ಸೂಕ್ಷ್ಮಜೀವಿಗಳು ಮತ್ತು ಕೆರೆಯ ನೀಲಿ-ಹಸಿರು ಪಾಚಿ ಇದನ್ನು ತಯಾರಿಸುತ್ತವೆ. ಮೊದಲ ಮಳೆ ಬಿದ್ದಾಗ ಎರಿ ಮಣ್ಣಿನಿಂದ ಏಳುವ ವಾಸನೆಯೂ ಇದರದ್ದೇ. ಹೊಲದಲ್ಲಿ ಹಿತವೆನಿಸುವ ಅದೇ ವಾಸನೆ ತಾಟಿನಲ್ಲಿ ಬೇಡವಾಗುತ್ತದೆ. ಇದು ಆಮ್ಲದಲ್ಲಿ ಒಡೆಯುತ್ತದೆ, ಆದ್ದರಿಂದ ಕೆರೆ ಮೀನಿಗೆ ಲಿಂಬೆ ಹಚ್ಚುವುದು ಬರೀ ಶೋಕಿಯಲ್ಲ. ಹಾಗೆಂದು ತಾಸುಗಟ್ಟಲೆ ನೆನೆಸಬೇಡಿ. ಹುಳಿಯಲ್ಲಿ ಬಹಳ ಹೊತ್ತು ಇದ್ದರೆ ಮಾಂಸ ಬಿಳಿಚಿಕೊಂಡು, ಬೆಂದ ಮೇಲೆ ಪುಡಿಪುಡಿಯಾಗುತ್ತದೆ. ಹದಿನೈದು ನಿಮಿಷ ಸಾಕು.

ಓವನ್ ಇಲ್ಲದ ಬೇಕಿಂಗ್

ಬೇಕ್ ಮಾಡುವುದೆಂದರೆ ಸುತ್ತಲಿನ ಒಣ ಶಾಖದಲ್ಲಿ ಬೇಯಿಸುವುದು. ಅದಕ್ಕೆ ಓವನ್ನೇ ಆಗಬೇಕೆಂದಿಲ್ಲ. ನಮ್ಮ ಮನೆಗಳಲ್ಲಿ ಕುಕ್ಕರಿನ ತಳಕ್ಕೆ ಉಪ್ಪು ಹಾಕಿ ಕೇಕ್ ಮಾಡಿದ ಅಕ್ಕಂದಿರು ಎಷ್ಟು ಜನರಿಲ್ಲ? ಅದೇ ಉಪಾಯ ಇಲ್ಲಿಗೂ ಒಪ್ಪುತ್ತದೆ.

ಹಳೆಯ ದಪ್ಪ ತಳದ ಪಾತ್ರೆ ಅಥವಾ ಹಳೆಯ ಕುಕ್ಕರ್ ತೆಗೆದುಕೊಳ್ಳಿ. ಕುಕ್ಕರ್ ಆದರೆ ಗ್ಯಾಸ್ಕೆಟ್ ಮತ್ತು ಸೀಟಿ ಎರಡನ್ನೂ ತೆಗೆದಿಡಲೇಬೇಕು. ತಳಕ್ಕೆ ಒಂದೂವರೆ ಬಟ್ಟಲು ಕಲ್ಲುಪ್ಪು ಹರವಿ, ಅದರ ಮೇಲೆ ಸಣ್ಣ ಸ್ಟ್ಯಾಂಡ್ ಅಥವಾ ಬೋರಲು ಹಾಕಿದ ಬಟ್ಟಲು ಇಡಿ. ಮುಚ್ಚಿ, ನಡು ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ಈ ಉಪ್ಪನ್ನು ಎತ್ತಿಟ್ಟು ಮತ್ತೆ ಮತ್ತೆ ಬಳಸಬಹುದು. ಇಂಡಕ್ಷನ್ ಒಲೆಗೆ ಈ ವಿಧಾನ ಒಗ್ಗುವುದಿಲ್ಲ. ಅದರ ಮೇಲೆ ಒಣ ಪಾತ್ರೆ ವಿಪರೀತ ಕಾಯ್ದು ಒಲೆ ತಾನೇ ಆಫ್ ಆಗುತ್ತದೆ.

ಊರಿನಲ್ಲಿದ್ದರೆ ಇನ್ನೂ ಸರಳ. ರೊಟ್ಟಿ ಬಡಿದು ಮುಗಿದ ಮೇಲೆ ಒಲೆಯಲ್ಲಿ ಉಳಿದ ಕೆಂಡವೇ ಓವನ್. ಬಾಳೆ ಎಲೆಯಲ್ಲಿ ಮೀನು ಸುತ್ತಿ ಹಂಚಿನ ಮೇಲಿಟ್ಟು, ಮೇಲೊಂದು ತಾಟು ಮುಚ್ಚಿ, ತಾಟಿನ ಮೇಲೂ ನಾಲ್ಕು ಕೆಂಡ ಹಾಕಿದರೆ ಕೆಳಗಿಂದಲೂ ಮೇಲಿಂದಲೂ ಶಾಖ ಸಿಗುತ್ತದೆ. ಅಲ್ಯುಮಿನಿಯಂ ಹಾಳೆ ಬೇಡ, ಲಿಂಬೆಹುಳಿಗೂ ಅದಕ್ಕೂ ಆಗಿಬರುವುದಿಲ್ಲ. ಬಾಳೆ ಎಲೆ ಅಗ್ಗ, ಜೊತೆಗೆ ಅದರ ಪರಿಮಳ ಬಿಟ್ಟಿ.

ಮಾಡುವ ಕ್ರಮ

ಮೂವರಿಗೆ ಬೇಕಾಗುವುದು ಇಷ್ಟು: ಮಧ್ಯಮ ಗಾತ್ರದ ನಾಲ್ಕು ಬಂಗಡೆ ಅಥವಾ ಅರ್ಧ ಕಿಲೋ ರೋಹು ತುಂಡು. ಬ್ಯಾಡಗಿ ಮೆಣಸಿನಪುಡಿ ಒಂದು ಚಮಚ, ಅರಿಶಿನ ಕಾಲು ಚಮಚ, ಜಜ್ಜಿದ ಶುಂಠಿ-ಬಳ್ಳೊಳ್ಳಿ ಒಂದು ಚಮಚ, ಉಪ್ಪು ಮುಕ್ಕಾಲು ಚಮಚ, ಕುಸುಬಿ ಅಥವಾ ಶೇಂಗಾ ಎಣ್ಣೆ ಒಂದು ದೊಡ್ಡ ಚಮಚ, ಒಂದು ಲಿಂಬೆಹಣ್ಣು. ಪಾಕಕ್ಕೆ ಎರಡು ಕಿತ್ತಳೆ, ಎರಡು ದೊಡ್ಡ ಚಮಚ ಪುಡಿ ಬೆಲ್ಲ, ನಾಲ್ಕು ಕಾಳು ಮೆಣಸು.

ಕೊಳ್ಳುವಾಗ ಮೀನಿನ ಕಣ್ಣು ನೋಡಿ, ಉಬ್ಬಿ ಹೊಳೆಯುತ್ತಿರಬೇಕು. ಕಿವಿರು ಎತ್ತಿದರೆ ಕೆಂಪಗಿರಬೇಕು. ಬೆರಳಿನಿಂದ ಒತ್ತಿದ ತಗ್ಗು ತಿರುಗಿ ಮೇಲೆ ಬರಬೇಕು. ಬಂಗಡೆಯ ವಿಷಯದಲ್ಲಿ ಇನ್ನೂ ಒಂದು ಎಚ್ಚರ: ಮಂಜುಗಡ್ಡೆ ಇಲ್ಲದೆ ಬಿಸಿಲಲ್ಲಿ ಇಟ್ಟದ್ದನ್ನು ಕೊಳ್ಳಬೇಡಿ. ಬೆಚ್ಚಗೆ ಬಿದ್ದಿದ್ದ ಬಂಗಡೆಯಲ್ಲಿ ಹಿಸ್ಟಮಿನ್ ಬೆಳೆಯುತ್ತದೆ. ಅದು ಎಷ್ಟು ಬೇಯಿಸಿದರೂ ಹೋಗುವುದಿಲ್ಲ, ತಿಂದವರಿಗೆ ಮುಖ ಕೆಂಪೇರಿ ಮೈ ತುರಿಸಬಹುದು. ಕ್ಲಾಸ್ ಮುಗಿಸಿ ಸಂಜೆ ಕೊಳ್ಳುವವರು ಇದನ್ನು ಮರೆಯಬಾರದು. ಕೊಂಡ ಮೇಲೆ ನೇರ ರೂಮಿಗೆ ಬನ್ನಿ, ಲೈಬ್ರರಿ ಕಡೆ ಹೋಗಬೇಡಿ.

ಮೀನು ತೊಳೆದು ನೀರು ಒರೆಸಿ, ಎರಡೂ ಬದಿಗೆ ಮೂರು ಮೂರು ಗೀರು ಹಾಕಿ. ಅರ್ಧ ಲಿಂಬೆಯ ರಸ, ಮೆಣಸಿನಪುಡಿ, ಅರಿಶಿನ, ಶುಂಠಿ-ಬಳ್ಳೊಳ್ಳಿ, ಉಪ್ಪು, ಎಣ್ಣೆ ಕಲೆಸಿ ಗೀರಿನೊಳಗೂ ಹೋಗುವಂತೆ ಹಚ್ಚಿ ಇಡಿ. ಒಲೆ ಒಂದೇ ಇದ್ದರೆ ಈ ಹೊತ್ತಿನಲ್ಲಿ ಮೊದಲು ಪಾಕ ಮುಗಿಸಿ, ಆಮೇಲೆ ಉಪ್ಪಿನ ಪಾತ್ರೆ ಕಾಯಲು ಇಡಿ.

ಪಾಕಕ್ಕೆ ಕಿತ್ತಳೆಯನ್ನು ಮೆಲ್ಲಗೆ ಹಿಂಡಿ. ಬೀಜ, ಬಿಳಿ ನಾರು ಸೇರಿದರೆ ಕಾಯಿಸಿದಾಗ ಕಹಿ ಬರುತ್ತದೆ. ಮೋಸಂಬಿ ಅಗ್ಗವೆಂದು ಅದನ್ನೇ ಬಳಸುವವರು ಕೇಳಿ: ಮೋಸಂಬಿ ರಸ ಕುದಿದರೆ ಕಹಿಯಾಗುವುದು ಹೆಚ್ಚು, ಹಾಗಾಗಿ ಕಿತ್ತಳೆ ಸಿಗದ ಕಾಲದಲ್ಲಿ ಬರೀ ಬೆಲ್ಲ, ಸ್ವಲ್ಪ ನೀರು ಮತ್ತು ಲಿಂಬೆಯಲ್ಲೇ ಪಾಕ ಮಾಡುವುದು ಮೇಲು. ರಸಕ್ಕೆ ಬೆಲ್ಲ, ಜಜ್ಜಿದ ಮೆಣಸು, ಚಿಟಿಕೆ ಉಪ್ಪು ಹಾಕಿ ಐದಾರು ನಿಮಿಷ ಕುದಿಸಿ. ಚಮಚದ ಬೆನ್ನಿಗೆ ತೆಳ್ಳಗೆ ಅಂಟಿದರೆ ಇಳಿಸಿ. ಎಳೆ ಪಾಕದವರೆಗೆ ಹೋಗಬೇಡಿ, ಆರಿದಾಗ ತೀರ ಗಟ್ಟಿಯಾಗುತ್ತದೆ. ಉಳಿದ ಅರ್ಧ ಲಿಂಬೆಯ ರಸವನ್ನು ಇಳಿಸಿದ ಮೇಲೆ ಸೇರಿಸಿ. ಹಾಗಾದರೆ ಅದರ ತಾಜಾತನ ಉಳಿಯುತ್ತದೆ.

ಕಾದ ಪಾತ್ರೆಯೊಳಗೆ ಎಣ್ಣೆ ಸವರಿದ ಸ್ಟೀಲ್ ತಾಟಿನಲ್ಲಿ ಮೀನಿಟ್ಟು ಮುಚ್ಚಿ. ಎಂಟರಿಂದ ಹತ್ತು ನಿಮಿಷದ ನಂತರ ಮುಚ್ಚಳ ತೆಗೆದು, ಅದರ ಒಳಗಿನ ನೀರ ಹನಿ ಒರೆಸಿ, ಪಾಕವನ್ನು ಮೀನಿನ ಮೇಲೆ ಸವರಿ. ಈಗ ಮುಚ್ಚಳವನ್ನು ಎರಡು ಬೆರಳಷ್ಟು ಸರಿಸಿ ಇಡಿ. ಆವಿ ಹೊರಹೋದರೆ ಪಾಕ ಮೀನಿಗೆ ಕಚ್ಚಿಕೊಂಡು ಹೊಳೆಯುತ್ತದೆ. ಐದು ನಿಮಿಷ ಬಿಟ್ಟು ಇನ್ನೊಮ್ಮೆ ಸವರಿ ಇಳಿಸಿ. ಪಾಕವನ್ನು ಮೊದಲೇ ಹಚ್ಚಬಾರದು ಏಕೆಂದರೆ ಬೆಲ್ಲ ಬೇಗ ಸೀಯುತ್ತದೆ, ಮೀನು ಬೇಯುವುದರೊಳಗೆ ಕಪ್ಪಾಗುತ್ತದೆ. ಚಮಚದಿಂದ ಒತ್ತಿದರೆ ಮಾಂಸ ಪದರು ಪದರಾಗಿ ಬಿಟ್ಟರೆ ಬೆಂದಿದೆ ಎಂದರ್ಥ. ಕುರಿ ಮಾಂಸದಲ್ಲಿರುವಂಥ ಬಿಗಿಯಾದ ನಾರು ಮೀನಿನಲ್ಲಿ ಇಲ್ಲ, ಅದಕ್ಕೇ ಇಷ್ಟು ಬೇಗ ಬೇಯುವುದು. ಓಟಿಜಿ ಇರುವವರು 200 ಡಿಗ್ರಿಯಲ್ಲಿ ಹನ್ನೆರಡು ನಿಮಿಷ ಇಟ್ಟು, ಪಾಕ ಸವರಿ, ಇನ್ನು ನಾಲ್ಕು ನಿಮಿಷ ಬಿಟ್ಟರೆ ಆಯಿತು.

ಜೊತೆಗೆ ಬಿಸಿ ಅನ್ನ ಹೊಂದುತ್ತದೆ. ಜೋಳದ ರೊಟ್ಟಿ, ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಒಂದು ಹಿಡಿ ಮೆಂತ್ಯ ಸೊಪ್ಪು ಇದ್ದರೆ ಇನ್ನೂ ಮೇಲು. ತಾಟಿನಲ್ಲಿ ಉಳಿದ ಪಾಕವನ್ನು ರೊಟ್ಟಿಯಿಂದ ಒರೆಸಿ ತಿನ್ನಲು ನಾಚಿಕೆ ಬೇಡ.

ಬಾಡಿಗೆ ಮನೆಯ ಮಾತು

ಇಷ್ಟೆಲ್ಲ ಓದಿದ ಮೇಲೂ ಹಲವರಿಗೆ ಒಂದು ತೊಡಕು ಉಳಿಯುತ್ತದೆ. ರೂಮು ಕೇಳಲು ಹೋದಾಗ ಹೆಸರಿಗಿಂತ ಮೊದಲು "ನಾನ್‌ವೆಜ್ ತಿಂತೀರೇನ್?" ಎಂದು ಕೇಳುವ ಮನೆಗಳಿವೆ. ಆ ಪ್ರಶ್ನೆ ಬರೀ ತಾಟಿನ ಬಗ್ಗೆ ಅಲ್ಲ, ಅದರ ಹಿಂದೆ ಜಾತಿ ಕೇಳುವ ಇರಾದೆಯೂ ಇರುತ್ತದೆ ಎಂಬುದು ಕೇಳುವವರಿಗೂ ಗೊತ್ತು, ಉತ್ತರಿಸುವವರಿಗೂ ಗೊತ್ತು. ಬೇಕಾದ ರೂಮು ಕೈತಪ್ಪಬಾರದೆಂದು "ಇಲ್ರೀ" ಎಂದು ತಲೆತಗ್ಗಿಸಿ ಹೇಳಿದ ಹುಡುಗರು ನಮ್ಮಲ್ಲಿ ಕಡಿಮೆ ಇಲ್ಲ. ಇನ್ನು ಪಿಜಿಗಳಲ್ಲಿರುವ ಹುಡುಗಿಯರಿಗೆ ಒಲೆ ಹಚ್ಚುವ ಅವಕಾಶವೇ ಇರುವುದು ಕಡಿಮೆ.

ಕದ್ದು ಮಾಡಿ ಎಂದು ನಾನು ಹೇಳುವುದಿಲ್ಲ. ಮಾತು ಕೊಟ್ಟು ರೂಮು ಹಿಡಿದಿದ್ದರೆ ಆ ಮನೆಯಲ್ಲಿ ಬೇಡ. ಆದರೆ ಮುಂದಿನ ರೂಮು ಹಿಡಿಯುವಾಗ ಮೊದಲೇ ನೇರವಾಗಿ ಹೇಳಿ: "ನಾವು ಮೀನು, ಮೊಟ್ಟೆ ಮಾಡ್ತೀವ್ರಿ. ಸ್ವಚ್ಛ ಇಟ್ಕೋತೀವಿ, ವಾಸನಿ ಬರದಂಗ ನೋಡ್ಕೋತೀವಿ." ಒಪ್ಪುವ ಮಾಲೀಕರು ಇದ್ದಾರೆ, ಹುಡುಕಲು ನಾಲ್ಕು ದಿನ ಹೆಚ್ಚು ಬೇಕಾಗಬಹುದು. ನಾವು ತಿನ್ನುವುದನ್ನು ಹೇಳಿಕೊಳ್ಳಲು ಅಂಜುತ್ತ, ನಾಳೆ ಅಧಿಕಾರಿಯಾಗಿ ಸಮಾನತೆಯ ಆದೇಶಕ್ಕೆ ಸಹಿ ಹಾಕುವುದು ಹೇಗೆ? ಹೇಳಿದ ಮಾತು ಉಳಿಸಿಕೊಳ್ಳುವುದೂ ನಮ್ಮ ಹೊಣೆ. ಎಣ್ಣೆಯಲ್ಲಿ ಕರಿದ ಮೀನಿನ ವಾಸನೆ ಓಣಿಯ ತುದಿಯವರೆಗೆ ಹೋಗುತ್ತದೆ, ಮುಚ್ಚಿ ಬೇಯಿಸಿದ್ದರ ವಾಸನೆ ಅಷ್ಟು ಹರಡುವುದಿಲ್ಲ. ಮೀನಿನ ತ್ಯಾಜ್ಯವನ್ನು ಕಾಗದದಲ್ಲಿ ಸುತ್ತಿ ಬೆಳಿಗ್ಗೆ ಕಸದ ಗಾಡಿಗೆ ಕೊಡಿ, ಚರಂಡಿಗೆ ಚೆಲ್ಲಬೇಡಿ.

ಹುಡುಗರಿಗೆ ಇನ್ನೊಂದು ಮಾತು. ನಮ್ಮ ಮನೆಗಳಲ್ಲಿ ಮೀನಿನ ಹುರುಪೆ ತೆಗೆದವಳು ಅವ್ವ, ಮಸಾಲೆ ಅರೆದವಳು ಅಕ್ಕ. ನಾವು ಮುಳ್ಳು ಆರಿಸಿ ತಿಂದವರು ಅಷ್ಟೆ. ರೂಮಿನ ಬದುಕು ನಮಗೆ ಅಡುಗೆ ಕಲಿಸಿದರೆ ಅದೂ ಒಂದು ಪಾಸಾದ ಪರೀಕ್ಷೆಯೇ. ಮುಂದಿನ ಸಲ ರಜೆಗೆ ಊರಿಗೆ ಹೋಗುವಾಗ ಹುಬ್ಬಳ್ಳಿಯಲ್ಲಿ ನಾಲ್ಕು ಕಿತ್ತಳೆ ಕೊಳ್ಳಿ. ಮೀನು ಊರಲ್ಲೇ ಸಿಕ್ಕೀತು. ಅವತ್ತು ರಾತ್ರಿ ಒಲೆ ಮುಂದೆ ನೀವು ಕುಳಿತು, "ಯವ್ವಾ, ನೀ ಸುಮ್ನ ಕುಂದ್ರು, ಇವತ್ತ ನಾ ಮಾಡ್ತೀನಿ" ಅನ್ನಿ. ಉಂಡ ಮೇಲೆ ಪಾತ್ರೆಗಳನ್ನೂ ನೀವೇ ತೊಳೆಯಿರಿ. ಬೆಲ್ಲದ ಪಾಕ ಅಂಟಿದ ತಾಟು ಒಣಗಿದರೆ ಬಿಡುವುದಿಲ್ಲ, ಬಿಸಿನೀರು ಹಾಕಿ ತಕ್ಷಣ ನೆನೆಸಿಡಿ.